ಹರ್ಷಿತ ಹೊರಗೆ ಕೂರದ ಮೂರು ಬೆಳೆ

ಗೌರಿಬಿದನೂರಿನಿಂದ ಚಿಂತಾಮಣಿಗೆ ಹೋಗುವ ಬಸ್ಸು ಶಿಡ್ಲಘಟ್ಟದೊಳಗೆ ತಿರುಗುವಾಗ ಯಾರು ಕಿಟಕಿ ಮುಚ್ಚುತ್ತಾರೋ ಅವರು ಈ ಕಡೆಗೆ ಹೊಸಬರು ಎಂದು ತಿಳಿಯಬಹುದು. ನೂಲು ಬಿಚ್ಚುವ ಮನೆಗಳ ಹಿಂದಿನಿಂದ ಬೆಂದ ರೇಷ್ಮೆಗೂಡಿನ ವಾಸನೆ, ಗೂಡಿನೊಳಗೆ ಬೆಂದ ಹುಳುವಿನ ವಾಸನೆ ರಸ್ತೆಗೆ ಬಂದು ನಿಂತಿರುತ್ತದೆ. ಊರಿನವರಿಗೆ ಅದು ವಾಸನೆಯೇ ಅಲ್ಲ. ಮೊನ್ನೆ ಚಿಂತಾಮಣಿಯಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಬದಿಯ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಮುಚ್ಚಮ್ಮ ಅದನ್ನ, ಹೊಟ್ಟೆ ತೊಳಸುತ್ತೆ" ಎಂದರು. ಮುಚ್ಚಿದೆ. ಅಷ್ಟರಲ್ಲಿ ವಾಸನೆ ಒಳಗೆ ಬಂದಾಗಿತ್ತು, ಅದರ ಜೊತೆ ಆ ವರ್ಷವೂ ಬಂದಾಗಿತ್ತು.

ನಾನು ದೈಹಿಕ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿಟಿ ಮಿಸ್. ಈಗ ವಿದುರಾಶ್ವತ್ಥದ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೇನೆ. ಮೊದಲ ಪೋಸ್ಟಿಂಗ್ ಮಾತ್ರ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ. ಪೇಟೆಯಲ್ಲಿ ಬಾಡಿಗೆ ಕೋಣೆ, ಶಾಲೆಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಅಲ್ಲಿ ನಡೆದದ್ದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮುಚ್ಚಿಡಬೇಕೆಂದೇನಲ್ಲ. ಅಂಥದ್ದನ್ನು ಹೇಳುವಾಗ ಗಂಟಲು ಕಟ್ಟಬೇಕು, ಕಣ್ಣು ತುಂಬಬೇಕು. ನನಗೆ ಅವೆರಡೂ ಆಗುವುದಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಚಿವುಟಿದ್ದು ಕಾಣುತ್ತದೆ, ತಿಳಿಯುವುದಿಲ್ಲ. ನನ್ನದು ಹೆಚ್ಚುಕಡಿಮೆ ಹಾಗೇ ಉಳಿದಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜೂನ್ ತಿಂಗಳಲ್ಲಿ ಸೇರಿಕೊಂಡೆ. ಆ ಹಳ್ಳಿಯಲ್ಲಿ ಮನೆಗೊಂದು ಹುಳುಮನೆ, ರೇಷ್ಮೆಹುಳು ಸಾಕುವ ಕೋಣೆ. ಮಕ್ಕಳು ಬೆಳಗ್ಗೆ ಐದಕ್ಕೇ ಎದ್ದು ಅಪ್ಪ ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಶಾಲೆಗೆ ಓಡಿ ಬರುತ್ತಿದ್ದರು. ತಿಂಡಿ ತಿನ್ನಲು ಹೊತ್ತಿರುತ್ತಿರಲಿಲ್ಲ. ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್ಟುಗಳು ಮಾಲೆಯಾಗಿ ನೇತಾಡುತ್ತಿದ್ದವು. ಪ್ರಾರ್ಥನೆಯ ಸಾಲಿನಲ್ಲಿ ನಿಂತ ಅರ್ಧ ಮಕ್ಕಳ ಬೆರಳಿಗೆ ಕೇಸರಿ ಪುಡಿ ಅಂಟಿರುತ್ತಿತ್ತು. ಮೈದಾನ ಒಂದು ಸುತ್ತು ಓಡಿದರೆ ಪಕ್ಕೆ ಹಿಡಿದುಕೊಂಡು ಕೂರುತ್ತಿದ್ದರು.

ಮೊದಲ ವಾರವೇ ಪ್ರಾರ್ಥನೆಯಲ್ಲಿ ಭಾಷಣ ಮಾಡಿದೆ. "ಹುಳುವಿಗೆ ಹೊತ್ತು ಹೊತ್ತಿಗೆ ಮೇವು, ಮಕ್ಕಳಿಗೆ ಪ್ಯಾಕೆಟ್ಟು. ನಿಮ್ಮ ಮನೆಯಲ್ಲಿ ನೀವು ಹುಳುವಿಗಿಂತ ಕಡೆಯಾ?" ಎಂದು ಕೇಳಿದೆ. ಮಕ್ಕಳು ನಕ್ಕರು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಆ ಮಾತು ಹೊಳೆದದ್ದಕ್ಕೆ ನನಗೆ ನನ್ನ ಮೇಲೇ ಅಭಿಮಾನ ಬಂದು, ಸಂಜೆ ಅಮ್ಮನಿಗೆ ಫೋನ್ ಮಾಡಿ ಅದನ್ನು ಇನ್ನೊಂದು ಸಲ ಹೇಳಿದ್ದೆ.

ಆಮೇಲೆ ಗೋಡೆ ಬಂತು. ವರಾಂಡದ ಗೋಡೆಗೆ ನಾಲ್ಕು ದೊಡ್ಡ ಹಾಳೆ ಅಂಟಿಸಿ, ಮೇಲೆ 'ಆರೋಗ್ಯ ಗೋಡೆ' ಎಂದು ಬರೆದೆ. ಪ್ರತಿಯೊಬ್ಬರ ಹೆಸರು, ಎತ್ತರ, ತೂಕ, ಮೈದಾನ ನಾಲ್ಕು ಸುತ್ತು ಓಡಲು ಹಿಡಿದ ಹೊತ್ತು. ತಿಂಗಳಿಗೊಮ್ಮೆ ಎಲ್ಲರೆದುರು ತೂಕ. ಸಣಕಲು ಮಕ್ಕಳು ತೂಕ ಏರಿಸಿಕೊಂಡರೆ, ದಪ್ಪ ಮಕ್ಕಳು ಇಳಿಸಿಕೊಂಡರೆ ಒಂದೊಂದು ಚಿನ್ನದ ಬಣ್ಣದ ನಕ್ಷತ್ರ. ಪಕ್ಕದಲ್ಲಿ ಒಂದು ತಟ್ಟೆಯ ಚಿತ್ರ, ಏನು ತಿನ್ನಬೇಕು, ಏನು ಬಿಡಬೇಕು ಎಂದು. ಮುದ್ದೆ, ಅನ್ನ ಕಡಿಮೆ ಮಾಡಿ ಎಂದು ಕೆಂಪಕ್ಷರದಲ್ಲಿ ಬರೆದಿದ್ದೆ. ನನಗೆ ಇದನ್ನೆಲ್ಲ ಕಲಿಸಿದ್ದು ಫೋನಿನ ವೀಡಿಯೊಗಳು. ಅವುಗಳಲ್ಲಿ ಮೈಕಟ್ಟಿನ ಗಂಡಸರು ಕನ್ನಡಿಯ ಮುಂದೆ ನಿಂತು ಮಾತಾಡುತ್ತಿದ್ದರು. ಅವರು ಯಾರೂ ಐದು ಗಂಟೆಗೆ ಎದ್ದು ಸೊಪ್ಪು ಹೊತ್ತವರಲ್ಲ ಎಂಬುದು ನನಗೆ ಹೊಳೆಯಲಿಲ್ಲ. ತಟ್ಟೆಯ ಚಿತ್ರದ ಮುಂದೆ ನಿಂತ ಹೆಡ್‌ಮಾಸ್ಟರು, "ಬ್ರೊಕೊಲಿ ಅಂದ್ರೇನಮ್ಮ?" ಎಂದು ಕೇಳಿದರು.

"ಹಸಿರು ಹೂಕೋಸು ಸಾರ್."

"ಹಾಗಾದ್ರೆ ಹೂಕೋಸು ಅಂತ್ಲೇ ಬರೀರಿ. ಚಿಂತಾಮಣಿ ಮಾರ್ಕೆಟ್ಟಿಂದ ಬರುತ್ತೆ. ಇದೆಲ್ಲಿಂದ ಬರಬೇಕು?"

ನಾನು ತಿದ್ದಲಿಲ್ಲ. ಬ್ರೊಕೊಲಿಯನ್ನು ಬಣ್ಣ ಹಾಕಿ ಚೆನ್ನಾಗಿ ಬರೆದಿದ್ದೆ.

ಹರ್ಷಿತ ಒಂಬತ್ತನೇ ತರಗತಿ. ಮೊದಲ ದಿನದ ತೂಕ ಐವತ್ತೆಂಟು ಕೆಜಿ. ದುಂಡು ಮುಖ, ದುಂಡು ತೋಳು, ಎಣ್ಣೆ ಹಚ್ಚಿ ಎರಡು ಜಡೆ. ತೂಕದ ಯಂತ್ರದಿಂದ ಕೆಳಗಿಳಿಯುವಾಗ ಹಿಂದಿನಿಂದ ಯಾರೋ, "ನಾಲ್ಕನೇ ಜ್ವರ ಎದ್ದ ಹುಳ ಕಣೋ" ಎಂದರು. ಇಡೀ ಸಾಲು ಗೊಳ್ಳೆಂದು ನಕ್ಕಿತು. ನನಗೆ ಅರ್ಥವಾಗದೆ ಕೇಳಿದೆ. ಮಕ್ಕಳು ಪೈಪೋಟಿಯಲ್ಲಿ ವಿವರಿಸಿದರು. ರೇಷ್ಮೆಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನೆ ಮಲಗುತ್ತದೆ, ಅದನ್ನು ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ, ಕೊನೆಯ ಜ್ವರದಿಂದ ಎದ್ದ ಹುಳು ಒಂದು ವಾರ ತಲೆ ಎತ್ತದೆ ತಿಂದು ಬೆರಳುದಪ್ಪ ಆಗುತ್ತದೆ. ಅರ್ಥವಾದ ಮೇಲೆ ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಕ್ಕದ್ದು ನಿಜ, ಹರ್ಷಿತ ನನ್ನ ಮುಖವನ್ನೇ ನೋಡುತ್ತಿದ್ದದ್ದೂ ನಿಜ. ನಕ್ಕು ಮುಗಿಸಿ ಅವಳ ಹೆಗಲ ಮೇಲೆ ಕೈಯಿಟ್ಟು, "ಪರವಾಗಿಲ್ಲ ಕಣಮ್ಮ, ಇಳಿಸೋಣ" ಎಂದೆ.

ಅವಳು ಇಳಿಸಿದಳು. ಜುಲೈ ತೂಕಕ್ಕೆ ಐವತ್ತೈದು, ಒಂದು ನಕ್ಷತ್ರ. ಆಗಸ್ಟ್‌ಗೆ ಐವತ್ತೊಂದು, ಇನ್ನೊಂದು ನಕ್ಷತ್ರ. ಪ್ಯಾಕೆಟ್ಟು ಬಿಟ್ಟಳು, ಸಿಹಿ ಬಿಟ್ಟಳು. ಮಧ್ಯಾಹ್ನದ ಬಿಸಿಯೂಟಕ್ಕೆ ಬಡಿಸುವ ಕೆಲಸವನ್ನು ತಾನೇ ಕೇಳಿ ತೆಗೆದುಕೊಂಡಳು. ಸೌಟು ಹಿಡಿದು ಸಾಲಿನ ತುದಿಯಿಂದ ತುದಿಗೆ ಓಡಾಡುತ್ತಿದ್ದಳು. ಬಡಿಸುವವರು ಕೊನೆಯಲ್ಲಿ ಉಣ್ಣುತ್ತಾರೆ, ಅಷ್ಟರಲ್ಲಿ ಶಿಕ್ಷಕರು ಒಳಗೆ ಹೋಗಿರುತ್ತಾರೆ. ಅವಳು ಉಂಡಳೇ ಎಂದು ಯಾರೂ ನೋಡಲಿಲ್ಲ. ಮೊಟ್ಟೆ ಕೊಡುವ ದಿನ ಅವಳ ಮೊಟ್ಟೆ ಯಾವಾಗಲೂ ಯಾರದೋ ತಟ್ಟೆಯಲ್ಲಿರುತ್ತಿತ್ತಂತೆ. ಅದು ನನಗೆ ಆಮೇಲೆ ತಿಳಿಯಿತು. ಮನೆಯಲ್ಲಿ ಅವಳಮ್ಮ ಮಂಜುಳಮ್ಮ ಮುದ್ದೆಗೆ ಕರೆದರೆ, "ಸ್ಕೂಲಲ್ಲಿ ಜಾಸ್ತಿ ತಿಂದೆ" ಅನ್ನುತ್ತಿದ್ದಳು. ಬಲವಂತ ಮಾಡಿದರೆ, "ಪಿಟಿ ಮಿಸ್ ಮುದ್ದೆ ಬೇಡ ಅಂತ ಗೋಡೆ ಮೇಲೆ ಬರ್ದಿದಾರೆ" ಅನ್ನುತ್ತಿದ್ದಳು. ಶಾಲೆಯವರು ಮನೆಯಲ್ಲಿ ಉಣ್ಣುತ್ತಾಳೆ ಅಂದುಕೊಂಡೆವು, ಮನೆಯವರು ಶಾಲೆಯಲ್ಲಿ ಉಣ್ಣುತ್ತಾಳೆ ಅಂದುಕೊಂಡರು.

ಮೈ ಇಳಿದಂತೆ ಅವಳು ಓಡತೊಡಗಿದಳು. ಮೊದಲು ಹಿಂದಿನವರಲ್ಲಿ ಮುಂದೆ, ಆಮೇಲೆ ಮುಂದಿನವರಲ್ಲಿ ಮುಂದೆ. ಶಾಲೆ ಬಿಟ್ಟ ಮೇಲೂ ಒಬ್ಬಳೇ ಸುತ್ತು ಹಾಕುತ್ತಿದ್ದಳು. ನಾನು ಕಾಲೇಜಿನಲ್ಲಿ ಸಾವಿರದೈನೂರು ಮೀಟರ್ ಓಡಿದವಳು. ಒಳ್ಳೆಯ ಓಟ ಕಂಡರೆ ನನಗೆ ತಿಳಿಯುತ್ತದೆ. ಇದು ಒಳ್ಳೆಯ ಓಟ. ನಾನು ಅವಳ ಪಕ್ಕದಲ್ಲಿ ಸೀಟಿ ಹಿಡಿದುಕೊಂಡು ಓಡುತ್ತಿದ್ದೆ. ಯಾರಾದರೂ ಬಂದರೆ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಅವಳ ಹೆಸರಿನ ಸಾಲನ್ನು ಬೆರಳಲ್ಲಿ ತೋರಿಸುತ್ತಿದ್ದೆ. "ನಾಲ್ಕನೇ ಜ್ವರ ಎದ್ದ ಹುಳ" ಎಂದು ಈಗ ಯಾರೂ ಅನ್ನುತ್ತಿರಲಿಲ್ಲ. ಹೆಣ್ಣುಮಕ್ಕಳು ಅವಳ ಹಿಂದೆ ಹಿಂದೆ ನಡೆಯುತ್ತಿದ್ದರು.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಹುಳುಮನೆ ಈ ಕಡೆಯವರಿಗೆ ದೇವರಮನೆಗಿಂತ ಮಡಿ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಮನೆಯವರೂ ಕಾಲು ತೊಳೆದು, ಸುಣ್ಣ ತುಳಿದು ಹೋಗಬೇಕು. ಮುಟ್ಟಾದ ಹೆಂಗಸರು ಮೂರು ದಿನ ಒಳಗೆ ಹೋಗುವುದಿಲ್ಲ, ಸೊಪ್ಪು ಮುಟ್ಟುವುದಿಲ್ಲ. ಹುಳುವಿಗೆ ರೋಗ ಬರುತ್ತದೆ ಎಂದು ನಂಬಿಕೆ. ಅದನ್ನು 'ಹೊರಗೆ ಕೂರುವುದು' ಎನ್ನುತ್ತಾರೆ. ಒಂದು ಬೆಳೆ ಎಂದರೆ ಮರಿ ತಂದ ದಿನದಿಂದ ಗೂಡು ಬಿಡಿಸುವ ತನಕ ಸುಮಾರು ಒಂದು ತಿಂಗಳು. ಅದರಲ್ಲಿ ಕೊನೆಯ ವಾರ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲುವುದಿಲ್ಲ. ಆಗ ಒಬ್ಬರು ಹೊರಗೆ ಕೂತರೆ ಉಳಿದವರ ಸೊಂಟ ಬಿದ್ದುಹೋಗುತ್ತದೆ. ಮಂಜುಳಮ್ಮನ ಮನೆಯಲ್ಲಿ ಹೆಂಗಸರು ಎಂದರೆ ಅವರು, ಹರ್ಷಿತ, ಇಬ್ಬರೇ.

ಸೆಪ್ಟೆಂಬರಿನಲ್ಲಿ ಒಂದು ದಿನ ಮಂಜುಳಮ್ಮ ಶಾಲೆಯ ಗೇಟಿಗೆ ಬಂದಿದ್ದರು, ಮಗಳ ಓಟದ ಬೂಟಿನ ಅಳತೆ ಕೇಳಲು. ಕೈತುಂಬ ಸೊಪ್ಪಿನ ಕಲೆ, ಬಾಯ್ತುಂಬ ನಗು.

"ನೀವು ಬಂದ್ಮೇಲೆ ಮಗಳು ಎಷ್ಟು ಚುರುಕಾದ್ಳು ಮಿಸ್ಸಮ್ಮ! ಮುಂಚೆ ಬೆಳೆಗೆ ಮೂರು ದಿನ ಹೊರಗೆ ಕೂತ್ಕೊಂಡು ನನ್ ಪ್ರಾಣ ತೆಗೀತಿದ್ಳು. ಎರಡು ಬೆಳೆ ಆಯ್ತು, ಒಂದು ದಿನಾನೂ ಕೂತಿಲ್ಲ. ಒಳಗೆ ನನ್ ಸಮಕ್ಕೆ ಕೆಲಸ ಮಾಡ್ತಾಳೆ."

ನಾನು ಏನು ಹೇಳಬೇಕಿತ್ತು ಎಂಬುದು ಈಗ ನನಗೆ ಗೊತ್ತು. ದೈಹಿಕ ಶಿಕ್ಷಣದ ತರಬೇತಿಯಲ್ಲಿ ಇದರ ಬಗ್ಗೆ ಪಾಠವೇ ಇತ್ತು. ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಆದರೆ ಆವತ್ತು ಮಂಜುಳಮ್ಮನ ಮಾತು ಕೇಳಿ ನನಗೂ ಖುಷಿಯಾಯಿತು. ನನ್ನ ಹಾಜರಿ ಪುಸ್ತಕದಲ್ಲೂ ಅದೇ ಲಾಭ ಕಾಣುತ್ತಿತ್ತು. ಬೇರೆ ಹುಡುಗಿಯರು ತಿಂಗಳಿಗೆ ಎರಡು ಮೂರು ದಿನ, "ಮಿಸ್, ಹೊಟ್ಟೆ ನೋವು" ಎಂದು ಆಟದ ಪೀರಿಯಡ್ಡಿನಲ್ಲಿ ಕೂರುತ್ತಿದ್ದರು. ಹರ್ಷಿತ ಒಂದು ದಿನವೂ ತಪ್ಪಿಸಿರಲಿಲ್ಲ. "ಶಿಸ್ತು ಬಂದಿದೆ ಅವಳಿಗೆ" ಎಂದೆ. ಮಂಜುಳಮ್ಮ ಕೈ ಮುಗಿದರು.

ತಾಲ್ಲೂಕು ಕ್ರೀಡಾಕೂಟದ ಸಾವಿರದೈನೂರು ಮೀಟರ್ ಓಟದಲ್ಲಿ ಅವಳೇ ಮೊದಲು ಬಂದಳು. ಅಕ್ಟೋಬರ್ ತೂಕ ನಲವತ್ತನಾಲ್ಕು. ನಕ್ಷತ್ರ ಅಂಟಿಸುವಾಗ ಅವಳ ಕೈ ನನ್ನ ಕೈಗೆ ತಗುಲಿತು, ತಣ್ಣಗಿತ್ತು. ಆ ಬಿಸಿಲಲ್ಲೂ ಅವಳು ಸ್ವೆಟರ್ ಹಾಕಿರುತ್ತಿದ್ದಳು. ಕೂದಲಿನ ಜಡೆ ಇಲಿಬಾಲದಷ್ಟಾಗಿತ್ತು. ಇವನ್ನೆಲ್ಲ ನಾನು ನೋಡಿದೆ. ನೋಡಿದ್ದು ಒಂದಕ್ಕೊಂದು ಕೂಡಿಕೊಳ್ಳಲಿಲ್ಲ ಅಷ್ಟೆ. ಜಿಲ್ಲಾ ಮಟ್ಟಕ್ಕೆ ಎರಡು ವಾರ ಇದ್ದಾಗ, "ಮಿಸ್, ಮೊಣಕಾಲಿನ ಕೆಳಗೆ ಒಂದೇ ಕಡೆ ನೋಯುತ್ತೆ, ಮುಟ್ಟಕ್ಕಾಗಲ್ಲ" ಎಂದಳು. ನಾನು ನೋವಿನ ಸ್ಪ್ರೇ ಹೊಡೆದು, "ಓಡೋರಿಗೆಲ್ಲ ಬರುತ್ತೆ, ನಂಗೂ ಬರ್ತಿತ್ತು" ಎಂದೆ. ಅವಳು ಇನ್ನೊಂದು ಸಲ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಕ್ರೀಡಾಕೂಟ. ನಂದಿಬೆಟ್ಟದ ಕಡೆಯಿಂದ ಮೋಡ ಇಳಿದು, ಮೈದಾನದಲ್ಲಿ ಹಾಕಿದ ಸುಣ್ಣದ ಗೆರೆ ಇನ್ನೂ ಒದ್ದೆಯಾಗಿತ್ತು. ಮಂಜುಳಮ್ಮ ಹುಳುವಿನ ಕೆಲಸವನ್ನು ಗಂಡನಿಗೆ ಬಿಟ್ಟು, ಹೊಸ ಸೀರೆ ಉಟ್ಟು ಬಂದಿದ್ದರು. ಹರ್ಷಿತ ಬೆಳಗ್ಗೆ ಏನು ತಿಂದಿದ್ದಾಳೆ ಎಂದು ನಾನು ಕೇಳಿದೆ. "ಬಾಳೆಹಣ್ಣು ಮಿಸ್" ಎಂದಳು. ಮೂರು ಸುತ್ತು ಅವಳು ಎರಡನೆಯವಳಾಗಿ ಓಡಿದಳು. ಕೊನೆಯ ಸುತ್ತಿನ ತಿರುವಿನಲ್ಲಿ ಮುಂದಿನವಳನ್ನು ದಾಟಲು ಹೊರಗಿನ ಗೆರೆಗೆ ಬಂದಳು. ನಾನು ಹಗ್ಗದ ಈಚೆ ನಿಂತು, "ಎಳಿ ಹರ್ಷಿತ, ಎಳಿ, ನೋವು ಆಮೇಲೆ ನೋಡ್ಕೊಳ್ಳೋಣ" ಎಂದು ಕೂಗುತ್ತಿದ್ದೆ. ಆಗ ಲಟ್ಟೆಂದು ಸದ್ದು ಬಂತು. ಒಣ ಹಿಪ್ಪುನೇರಳೆ ಕಡ್ಡಿ ಮುರಿದ ಹಾಗೆ. ಅವಳು ಬಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಅವಳು ಅಳಲಿಲ್ಲ. "ಮಿಸ್, ಯಾರು ಫಸ್ಟು?" ಎಂದು ಕೇಳಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೂಳೆಯಲ್ಲಿ ಹಳೆಯ ಬಿರುಕು ಇತ್ತು, ಅದರ ಮೇಲೆ ಓಡಿ ಮುರಿದಿದೆ ಎಂದರು. ಹದಿನಾಲ್ಕು ವರ್ಷದ ಹುಡುಗಿಗೆ ಮೂಳೆ ಹೀಗೆ ಸುಮ್ಮನೆ ಬಿರುಕು ಬಿಡುವುದಿಲ್ಲ ಎಂದು, ಹರ್ಷಿತಳ ತೋಳು ಹಿಡಿದು ನೋಡಿ, ಕಣ್ಣಿನ ಒಳರೆಪ್ಪೆ ಬಿಡಿಸಿ ನೋಡಿ, ಮಂಜುಳಮ್ಮನ ಕಡೆ ತಿರುಗಿದರು.

"ಇವಳಿಗೆ ಮುಟ್ಟು ಸರಿಯಾಗಿ ಆಗ್ತಿದೆಯಾ?"

ಮಂಜುಳಮ್ಮ ಅಷ್ಟು ಗಾಬರಿಯಲ್ಲೂ ಆ ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಉತ್ತರ ಕೊಟ್ಟರು. "ಅದೊಂದು ತೊಂದ್ರೆ ಇಲ್ಲ ಡಾಕ್ಟರಮ್ಮ. ದೇವ್ರ ದಯೆ, ಮೂರು ಬೆಳೆಯಿಂದ ಒಂದು ದಿನಾನೂ ಹೊರಗೆ ಕೂತಿಲ್ಲ."

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಈ ಮಗು ತಿಂಗಳುಗಟ್ಟಲೆ ಹೊಟ್ಟೆಗೆ ತಿಂದಿಲ್ಲ. ತಿನ್ನದೆ ಓಡಿದಾಳೆ. ಮೈಗೆ ಸಾಲದೆ ಬಂದಾಗ ಮೈ ಮೊದಲು ನಿಲ್ಲಿಸೋದು ಮುಟ್ಟನ್ನ. ಅದು ನಿಂತರೆ ಮೂಳೆ ಸೊರಗುತ್ತೆ. ಕಾಲು ಕೂಡುತ್ತೆ, ಅದಲ್ಲ ಚಿಂತೆ. ಇವಳು ತಿನ್ನಬೇಕು, ಮುಟ್ಟು ಮತ್ತೆ ಬರಬೇಕು. ಬರದೇ ಇದ್ದರೆ ಮೂವತ್ತಕ್ಕೇ ಮುದುಕಿಯ ಮೂಳೆ ಆಗುತ್ತೆ. "ಯಾರಮ್ಮ ಇವಳಿಗೆ ತಿನ್ನಬೇಡ ಅಂದಿದ್ದು?" ಎಂದು ಕೇಳಿದರು.

ಹರ್ಷಿತ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ನನ್ನನ್ನು ಉಳಿಸಲು ಎಂದು ನನಗೆ ಗೊತ್ತಾಯಿತು. "ಯಾರೂ ಇಲ್ಲ, ನಾನೇ" ಎಂದಳು. ಕಿಟಕಿಯ ಹೊರಗೆ ಯಾರೋ ಬಾಟಲಿಗೆ ನೀರು ಹಿಡಿಯುತ್ತಿದ್ದರು, ಬಾಟಲಿ ತುಂಬಿ ಹರಿಯುತ್ತಿತ್ತು, ಅದನ್ನೇ ನೋಡುತ್ತಾ ನಿಂತೆ. ಆ ಹೊತ್ತಿಗೆ ಶುರುವಾದದ್ದು ಈ ಜೋಮು. ನಾಚಿಕೆ ಆಗಬೇಕಿತ್ತು, ಹೆದರಿಕೆ ಆಗಬೇಕಿತ್ತು. ಏನೂ ಆಗಲಿಲ್ಲ.

ಮಾರನೆಯ ದಿನ ಗೋಡೆಯ ಹಾಳೆಗಳನ್ನು ಕಿತ್ತು ಹಾಕಲು ಹೋದೆ. ಹೆಡ್‌ಮಾಸ್ಟರು ತಡೆದರು. ಆ ವಾರ ಮೇಲಧಿಕಾರಿಯೊಬ್ಬರು ಬರುವವರಿದ್ದರು, ಮುಖ್ಯವಾಗಿ ಆ ಗೋಡೆ ನೋಡಲು. "ಅವರು ಬಂದು ಹೋಗ್ಲಿ ಇರಮ್ಮ, ಆಮೇಲೆ ಏನ್ ಬೇಕಾದ್ರೂ ಮಾಡಿ" ಎಂದರು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷ ಇದ್ದವರು. ಅಧಿಕಾರಿ ಬಂದರು, ಗೋಡೆ ನೋಡಿದರು, ಮೆಚ್ಚಿದರು. ನಾಲ್ಕು ನಕ್ಷತ್ರವಿದ್ದ ಸಾಲು ಅವರ ಕಣ್ಣಿಗೂ ಬಿತ್ತು. "ಈ ಹುಡುಗಿ ಎಲ್ಲಿ, ಕರೀರಿ" ಎಂದರು. "ರಜದಲ್ಲಿದಾಳೆ ಸಾರ್" ಎಂದು ಹೆಡ್‌ಮಾಸ್ಟರು ಹೇಳಿದರು. ಹಾಗಾದರೆ ಮಿಸ್ಸೇ ನಿಲ್ಲಲಿ ಎಂದು ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆಸಿದರು. ನಗಿ ಎಂದರು, ನಕ್ಕೆ. ಆ ಫೋಟೊ ನನ್ನ ಫೋನಿನಲ್ಲಿದೆ. ಒಳ್ಳೆಯ ನಗುವೇ ಬಂದಿದೆ.

ಅವರ ಜೀಪು ಗೇಟು ದಾಟಿದ ಮೇಲೆ ಹಾಳೆಗಳನ್ನು ಕಿತ್ತೆ. ಗೋಡೆಯ ಸುಣ್ಣವೂ ಅಲ್ಲಲ್ಲಿ ಕಿತ್ತು ಬಂತು. ಮಧ್ಯಾಹ್ನ ಸ್ಕೂಟರ್ ಹತ್ತಿ ಹರ್ಷಿತಳ ಮನೆಗೆ ಹೋದೆ. ಅವಳು ಜಗಲಿಯ ಮಂಚದ ಮೇಲೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ, ಮುಟ್ಟಿರಲಿಲ್ಲ. ಮಂಜುಳಮ್ಮ ಹುಳುಮನೆಯಿಂದ ಬಂದು ಕೈ ತೊಳೆದುಕೊಂಡರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. "ಮುದ್ದೆ ಬಿಡು ಅಂತ ಬರೆದಿದ್ದು ನಾನು. ಅವಳ ಮೇಲೆ ನಕ್ಕಿದ್ದೂ ನಾನು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗಲೂ ಅನಿಸುತ್ತದೆ. ಕಂಬಕ್ಕೆ ಒರಗಿ ಕೂತು, "ನೀವು ಬರೆದ್ರಿ, ಸರಿ. ನಾನು ಹೆತ್ತೋಳು. ಹುಳ ಒಂದು ಹೊತ್ತು ಮೇವು ಬಿಟ್ರೆ ದೂರದಿಂದ್ಲೇ ಗೊತ್ತಾಗುತ್ತೆ ಮಿಸ್ಸಮ್ಮ ನಂಗೆ. ಹುಳದ ತಟ್ಟೆ ಬಗ್ಗಿಸಿ ನೋಡ್ತೀನಿ, ಸುಣ್ಣ ಚೆಲ್ತೀನಿ, ಗಾಳಿ ಆಡಿಸ್ತೀನಿ. ಇವಳು ನಾಲ್ಕು ತಿಂಗಳು ತಿನ್ಲಿಲ್ಲ, ಗೊತ್ತಾಗ್ಲಿಲ್ಲ ನೋಡಿ. ಕೆಲಸಕ್ಕೆ ಸಿಕ್ತಾಳೆ ಅಂತ ಖುಷಿ ಪಟ್ಟೆ" ಎಂದರು. ನಾನೂ ಖುಷಿ ಪಟ್ಟಿದ್ದೆ ಎಂದು ಹೇಳಿದೆ. ಹುಳುಮನೆಯೊಳಗಿಂದ ಅವಳಪ್ಪ ಸೊಪ್ಪು ಕೇಳಿ ಕೂಗಿದರು, ಮಂಜುಳಮ್ಮ ಎದ್ದು ಹೋದರು.

ಹರ್ಷಿತಳನ್ನು ತಿನ್ನಿಸುವುದು ಕಾಲು ಕೂಡಿಸುವಷ್ಟು ಸುಲಭವಾಗಿರಲಿಲ್ಲ. "ಮಲ್ಗಿದ್ದಲ್ಲೇ ತಿಂದ್ರೆ ಮತ್ತೆ ಹಂಗೇ ಆಗ್ತೀನಿ ಮಿಸ್" ಅನ್ನುತ್ತಿದ್ದಳು. ಹೇಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆರೋಗ್ಯದ ಬಗ್ಗೆ ಅವಳಿಗೆ ಏನಾದರೂ ಹೇಳುವ ಬಾಯಿ ನನಗೆ ಉಳಿದಿರಲಿಲ್ಲ. ಹಾಗಾಗಿ ಮಾತು ಬಿಟ್ಟು, ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ನಾನೇ ಮುದ್ದೆ ಉಣ್ಣತೊಡಗಿದೆ. ಮಂಜುಳಮ್ಮ ಇಬ್ಬರಿಗೂ ಬಡಿಸಿ ಹೋಗುತ್ತಿದ್ದರು, ಮುದ್ದೆ, ಹುರುಳಿ ಬಸ್ಸಾರು, ಒಂದು ಮೊಟ್ಟೆ. ಮೊದಲ ವಾರ ನಾನೊಬ್ಬಳೇ ಉಂಡೆ. ಅವಳು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಎರಡನೆಯ ವಾರ ಒಂದು ದಿನ, "ಅಷ್ಟು ದೊಡ್ಡ ತುತ್ತು ಹೆಂಗ್ ನುಂಗ್ತೀರ ಮಿಸ್?" ಎಂದಳು. ನಿಂಬೆಹಣ್ಣಿನಷ್ಟು ಮುರಿದು ಕೊಟ್ಟೆ. ತಿಂದು, ಗಂಟಲಿಗೆ ಸಿಕ್ಕಿಕೊಂಡು, ನೀರು ಕುಡಿದು, ಅತ್ತಳು. ಮಾರನೆಯ ದಿನವೂ ಅಷ್ಟೇ ತಿಂದಳು.

ಅವಳು ಮತ್ತೆ ಓಡಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ಕಾಯುವುದು ಬೇಡ. ಪ್ಲಾಸ್ಟರ್ ತೆಗೆದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಕೋಲು ಹಿಡಿದು ಶಾಲೆಗೆ ಬಂದಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಆಟದ ಪೀರಿಯಡ್ಡಿನಲ್ಲಿ ಸೀಟಿ ಅವಳ ಕೈಗೆ ಕೊಟ್ಟು ಕೂರಿಸುತ್ತಿದ್ದೆ. ಬಿಸಿಯೂಟದಲ್ಲಿ ಅವಳಿಗೆ ಬಡಿಸುವ ಕೆಲಸ ಕೊಡುತ್ತಿರಲಿಲ್ಲ. ಅವಳ ಪಕ್ಕದಲ್ಲಿ ನಾನು, ಆ ಕಡೆ ಇನ್ನಿಬ್ಬರು ಹುಡುಗಿಯರು. ಆ ಇಬ್ಬರೂ ಅವಳನ್ನು ನೋಡಿ ಮುದ್ದೆ ಬಿಟ್ಟವರೇ ಎಂದು ನನಗೆ ಆಗ ಗೊತ್ತಾಯಿತು. ತೂಕದ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಎದುರಿನ ಅಂಗಡಿಯವನನ್ನು ಕಾಡಿ ಪ್ಯಾಕೆಟ್ಟಿನ ಮಾಲೆಯ ಪಕ್ಕ ಕಡಲೆಮಿಠಾಯಿ, ಬೇಯಿಸಿದ ಕಡಲೆಕಾಯಿ ಇಡಿಸಿದೆ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಎಂದರೆ ಅದೊಂದು. ಅದಕ್ಕೆ ಯಾರೂ ಫೋಟೊ ತೆಗೆಯಲಿಲ್ಲ.

ಮುಟ್ಟು ಮತ್ತೆ ಬರಬೇಕು ಎಂದು ಡಾಕ್ಟರು ಹೇಳಿದ್ದು ಮಾತ್ರ ಆಗಲಿಲ್ಲ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ನಾನು ಮಂಜುಳಮ್ಮನ ಮುಖ ನೋಡುತ್ತಿದ್ದೆ, ಅವರು ತಲೆ ಅಡ್ಡ ಆಡಿಸುತ್ತಿದ್ದರು. ಫೆಬ್ರವರಿಯಲ್ಲಿ ಒಂದು ಬೆಳೆ ಇಳಿಯಿತು, ಗೂಡು ಚೆನ್ನಾಗಿ ಬಂದಿತ್ತು, ಯಾರೂ ಅದರ ಮಾತೆತ್ತಲಿಲ್ಲ. "ಇವಳು ಹೊರಗೆ ಕೂತ್ರೆ ಸಾಕು ಅಂತ ಹರಕೆ ಹೊತ್ತಿದೀನಿ ಮಿಸ್ಸಮ್ಮ. ಯಾರಾದ್ರೂ ಇಂಥಾ ಹರಕೆ ಹೊರ್ತಾರಾ?" ಎಂದು ಮಂಜುಳಮ್ಮ ಒಂದು ದಿನ ನಗಲು ಹೋಗಿ ನಿಲ್ಲಿಸಿದರು. ಹರ್ಷಿತ ಅಷ್ಟು ಹೊತ್ತಿಗೆ ಅರ್ಧ ಮುದ್ದೆ ಉಣ್ಣುತ್ತಿದ್ದಳು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ನನಗೆ ಮಾತ್ರ ಹಾಗೆಯೇ, ಒಳ್ಳೆಯದಾದರೂ ಏನೂ ಅನಿಸುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ನನಗೆ ವರ್ಗದ ಆದೇಶ ಬಂತು. ಗೌರಿಬಿದನೂರಿನ ಕಡೆಗೆ, ನಾನೇ ಕೇಳಿಕೊಂಡದ್ದು. ಶಾಲೆಯ ಕೊನೆಯ ದಿನ ಕೊಠಡಿಯಲ್ಲಿ ಕೂತು ಚೆಂಡು, ಹಗ್ಗ, ಜಾವೆಲಿನ್ ಪಟ್ಟಿ ಮಾಡಿ ಒಪ್ಪಿಸುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಮಂಜುಳಮ್ಮನ ಫೋನ್ ಬಂತು. ಅವರ ಮನೆಯಲ್ಲಿ ಆಗ ಬೆಳೆಯ ಕೊನೆಯ ವಾರ. ಆ ವಾರದಲ್ಲಿ ಆ ಹೊತ್ತಿಗೆ ಯಾರೂ ಫೋನ್ ಮುಟ್ಟುವುದಿಲ್ಲ. ಕಾಲಿಗೆ ಮತ್ತೇನೋ ಆಯಿತು ಎಂದುಕೊಂಡು ಎತ್ತಿದೆ.

"ಮಿಸ್ಸಮ್ಮ, ಹರ್ಷಿತ ಹೊರಗೆ ಕೂತಿದಾಳೆ."

ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟೆ. ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಂದು ಸಲ ಹೇಳಿದರು. "ಬೆಳಗ್ಗೆ ಸೊಪ್ಪು ಹಾಕೋ ಹೊತ್ತಿಗೆ ಬಾಗ್ಲಲ್ಲಿ ನಿಂತು, ಅಮ್ಮ ನಾನು ಒಳಗೆ ಬರಲ್ಲ ಅಂದ್ಳು. ಯಾಕೇ ಅಂತ ಗದರಿದೆ. ಆಮೇಲೆ ಗೊತ್ತಾಯ್ತು. ಬುಟ್ಟಿ ಅಲ್ಲೇ ಎಸ್ದು ಓಡೋಗಿ ಮುದ್ದೆ ತಿರುವ್ದೆ ನೋಡಿ. ಇಡೀ ಮುದ್ದೆ ತಿಂದ್ಳು. ಮುಗಿಸೋವರೆಗೂ ಪಕ್ಕದಲ್ಲೇ ಕೂತಿದ್ದೆ."

ಕೊನೆಯ ವಾರದ ಹುಳು ಒಂದು ಹೊತ್ತು ತಡವಾದರೂ ಗೂಡು ಸಣ್ಣದಾಗುತ್ತದೆ ಎಂದು ಆ ವರ್ಷದಲ್ಲಿ ನನಗೂ ತಿಳಿದಿತ್ತು. ಬೇರೇನು ಕೇಳಬೇಕೆಂದು ತೋಚದೆ ಅದನ್ನೇ ಕೇಳಿದೆ. "ಹುಳ ಏನ್ ಮಾಡಿದ್ರಿ? ಮೇವು?"

"ಇನ್ನೂ ಹಾಕಿಲ್ಲ" ಎಂದರು ಮಂಜುಳಮ್ಮ. "ಕಾಯ್ಲಿ ಬಿಡಿ."